ಮರುಕಳಿಕೆಯ ಲೆಕ್ಕ: ಲೆಕ್ಸಿಂಗ್ಟನ್ ವ್ಯಸನಚಿಕಿತ್ಸಾಲಯದ ಚರಿತ್ರೆಯಿಂದ

ಒಮ್ಮೆ ಇಳಿದ ಜ್ವರ ಮತ್ತೆ ಏರಿದರೆ ಕನ್ನಡದಲ್ಲಿ ‘ಜ್ವರ ಮರುಕಳಿಸಿತು’ ಎನ್ನುತ್ತೇವೆ. ಆ ಮಾತಿನಲ್ಲಿ ರೋಗಿಯ ಮೇಲೆ ದೋಷಾರೋಪಣೆಯಿಲ್ಲ; ವೈದ್ಯನನ್ನು ಮತ್ತೆ ಕರೆಯಬೇಕೆಂಬ ಸೂಚನೆ ಮಾತ್ರ ಇದೆ. ಇಂಗ್ಲಿಷಿನವರು ಇದೇ ಅರ್ಥದಲ್ಲಿ ಬಳಸುವ ‘ರಿಲ್ಯಾಪ್ಸ್’ ಎಂಬ ಶಬ್ದದ ವಂಶಾವಳಿ ಬೇರೆ. ‘ಹಿಂದಕ್ಕೆ ಜಾರುವುದು’ ಎಂಬರ್ಥದ ಲ್ಯಾಟಿನ್ ಧಾತುವಿನಿಂದ ಬಂದ ಅದು ಮಧ್ಯಯುಗದ ಯುರೋಪಿನ ಧರ್ಮನ್ಯಾಯಾಸನಗಳಲ್ಲಿ ಒಂದು ಪಾರಿಭಾಷಿಕ ಪದದ ಒಡಹುಟ್ಟಾಗಿತ್ತು. ಪಾಷಂಡಮತವನ್ನು ತ್ಯಜಿಸಿದೆನೆಂದು ಪ್ರಮಾಣಮಾಡಿ, ಮತ್ತೆ ಅದಕ್ಕೇ ಮರಳಿದವನು ‘ರಿಲ್ಯಾಪ್ಸಸ್’. ಮೊದಲ ಸಲ ತಪ್ಪಿದವನಿಗೆ ಪ್ರಾಯಶ್ಚಿತ್ತದ ದಾರಿಯುಂಟು, ಇವನಿಗಿಲ್ಲ. ೧೪೩೧ರಲ್ಲಿ ರೂವಾನ್ ಪಟ್ಟಣದಲ್ಲಿ ಜೋನ್ ಆಫ್ ಆರ್ಕಳನ್ನು ಸುಟ್ಟದ್ದು ಆಕೆಗೆ ಈ ಹೆಸರನ್ನು ಕೊಟ್ಟ ಮೇಲೆಯೇ.

ಹಾಗೆಂದು ನಮ್ಮ ಭಾಷೆಯ ಔದಾರ್ಯವನ್ನು ಕೊಂಡಾಡುವಂತೆಯೂ ಇಲ್ಲ. ಮರುಕಳಿಸುವ ಹಕ್ಕನ್ನು ನಾವು ಜ್ವರಕ್ಕೆ ಕೊಟ್ಟಿದ್ದೇವೆ, ವ್ಯಸನಕ್ಕೆ ಕೊಟ್ಟಿಲ್ಲ. ಆರು ತಿಂಗಳು ಅಫೀಮನ್ನೋ ಹೆಂಡವನ್ನೋ ಬಿಟ್ಟಿದ್ದವನು ಮತ್ತೆ ಅದನ್ನು ಮುಟ್ಟಿದನೆಂದರೆ ನಮಗೆ ಥಟ್ಟನೆ ನೆನಪಾಗುವುದು ನಾಯಿಬಾಲದ ಗಾದೆ. ವ್ಯಸನದಿಂದ ಹೊರಬರುತ್ತಿರುವವನ ಹಿಂಜಾರಿಕೆಯು ಪಾಪವೋ, ರೋಗದ ಸಹಜ ಗತಿಯೋ ಎಂಬ ಪ್ರಶ್ನೆ ಇಪ್ಪತ್ತನೆಯ ಶತಮಾನದಲ್ಲಿ ಬಹುಮಟ್ಟಿಗೆ ಇತ್ಯರ್ಥವಾದದ್ದು ವಾದದಿಂದಲ್ಲ, ಎಣಿಕೆಯಿಂದ. ಆ ಎಣಿಕೆ ನಡೆದ ಮುಖ್ಯ ಸ್ಥಳ ಅಮೆರಿಕದ ಕೆಂಟಕಿ ಸಂಸ್ಥಾನದ ಲೆಕ್ಸಿಂಗ್ಟನ್ ಊರಿನ ಹೊರವಲಯದ ಒಂದು ಸರಕಾರಿ ಆಸ್ಪತ್ರೆ. ಅದರ ಚರಿತ್ರೆಯನ್ನು ಸ್ವಲ್ಪ ವಿಸ್ತಾರವಾಗಿ ನೋಡಿ, ಅಲ್ಲಿ ದೊರೆತ ತಿಳಿವಳಿಕೆ ನಾವಿರುವ ಮುಂಬಯಿ–ಪುಣೆಗಳ ಪ್ರಾಂತಕ್ಕೆ ಹೇಗೆ ಸಂಬಂಧಿಸಿದೆಯೆಂಬುದನ್ನು ಕಡೆಯಲ್ಲಿ ಸೂಚಿಸುವುದು ಈ ಲೇಖನದ ಉದ್ದೇಶ.

ಲೆಕ್ಸಿಂಗ್ಟನ್ನಿನ ಹುಟ್ಟಿಗೆ ಕಾರಣ ವೈದ್ಯರ ದಯೆಯಲ್ಲ, ಸೆರೆಮನೆಗಳ ಇಕ್ಕಟ್ಟು. ೧೯೧೪ರ ಹ್ಯಾರಿಸನ್ ಕಾಯಿದೆಯು ಅಫೀಮು, ಮಾರ್ಫಿನ್, ಕೊಕೇನುಗಳ ವ್ಯವಹಾರವನ್ನು ತೆರಿಗೆಯ ಹೆಸರಿನಲ್ಲಿ ಸರಕಾರದ ಹತೋಟಿಗೆ ತಂದಿತು. ವ್ಯಸನಿಯ ಸಂಕಟ ತಪ್ಪಿಸಲೆಂದಷ್ಟೇ ವೈದ್ಯನು ಮಾರ್ಫಿನ್ ಬರೆದುಕೊಡುವುದು ನ್ಯಾಯವಾದ ವೈದ್ಯಕರ್ಮವಲ್ಲವೆಂದು ೧೯೧೯ರಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. ಸುಮಾರು ನಲವತ್ತು ನಗರಗಳಲ್ಲಿ ವ್ಯಸನಿಗಳಿಗೆ ಔಷಧಿಯನ್ನು ಅಳೆದು ಕೊಡುತ್ತಿದ್ದ ಚಿಕಿತ್ಸಾಲಯಗಳು ಒಂದೊಂದಾಗಿ ಮುಚ್ಚಿದವು. ಲೂಯಿಸಿಯಾನದ ಶ್ರೀವ್‌ಪೋರ್ಟಿನದು ೧೯೨೩ರಲ್ಲಿ ಕಣ್ಣುಮುಚ್ಚಿತು. ಆ ಬಳಿಕ ವ್ಯಸನಿಗೆ ಉಳಿದದ್ದು ಕಳ್ಳವ್ಯಾಪಾರಿ, ಪೋಲೀಸಿನವನು, ಸೆರೆಮನೆ. ದಶಕದ ಕೊನೆಗೆ ಸಂಯುಕ್ತ ಸರಕಾರದ ಕಾರಾಗೃಹಗಳಲ್ಲಿದ್ದವರ ಪೈಕಿ ಸುಮಾರು ಮೂರರಲ್ಲೊಂದು ಪಾಲಿನವರು ಈ ಕಾಯಿದೆಯಡಿ ಶಿಕ್ಷೆ ಪಡೆದವರಾಗಿದ್ದರು. ಜೈಲಿನ ಅಧಿಕಾರಿಗಳು ‘ಇವರನ್ನು ನಮ್ಮಿಂದ ತೆಗೆಯಿರಿ’ ಎಂದು ಗೋಗರೆಯುವಂತಾಯಿತು. ಪೆನ್ಸಿಲ್ವೇನಿಯಾದ ಪ್ರತಿನಿಧಿ ಸ್ಟೀಫನ್ ಪೋರ್ಟರ್ ಮಂಡಿಸಿದ ಮಸೂದೆ ೧೯೨೯ರಲ್ಲಿ ಅಂಗೀಕೃತವಾಗಿ, ವ್ಯಸನಿಗಳಿಗಾಗಿಯೇ ಎರಡು ‘ಫಾರ್ಮು’ಗಳನ್ನು ಕಟ್ಟುವುದೆಂದಾಯಿತು. ಲೆಕ್ಸಿಂಗ್ಟನ್ನಿನದು ೧೯೩೫ರ ಮೇ ತಿಂಗಳಲ್ಲಿ ತೆರೆಯಿತು. ಟೆಕ್ಸಾಸಿನ ಫೋರ್ಟ್ ವರ್ತ್‌ನದು ೧೯೩೮ರಲ್ಲಿ.

ಫಾರ್ಮ್ ಎಂಬ ಮಾತು ಅಲಂಕಾರಕ್ಕಲ್ಲ. ಸಾವಿರ ಎಕರೆಯಷ್ಟು ನೆಲ, ಹೈನುಗಾರಿಕೆ, ಹಂದಿಸಾಕಣೆ, ಬಡಗಿಯ ಶಾಲೆ, ಹೊಲಿಗೆಯ ಶಾಲೆ. ಗುಡ್ಡದ ಮೇಲೆ ಸಾವಿರಕ್ಕೂ ಹೆಚ್ಚು ಮಂದಿ ಇರಬಹುದಾದ ಇಟ್ಟಿಗೆಯ ಭಾರಿ ಕಟ್ಟಡ, ಅದರ ಕಿಟಕಿಗಳಿಗೆ ಕಂಬಿ. ಹೊಲದ ಗಾಳಿ, ನಿಯತವಾದ ದುಡಿಮೆ, ಪಟ್ಟಣದ ದುಸ್ಸಂಗದಿಂದ ದೂರ—ಇವಿಷ್ಟಿದ್ದರೆ ಮನುಷ್ಯ ಸರಿಹೋಗುವನೆಂಬುದು ಆ ಕಾಲದ ನಂಬಿಕೆ. ಸೆರೆಶಿಕ್ಷೆಗೊಳಗಾದವರೂ, ತಾವಾಗಿ ಬಂದು ಸೇರಿದವರೂ ಒಂದೇ ಸೂರಿನಡಿ ಇದ್ದರು. ೧೯೩೬ರಲ್ಲಿ ಹೆಸರನ್ನು ‘ಆಸ್ಪತ್ರೆ’ ಎಂದು ಬದಲಿಸಿದರಾದರೂ ಅಲ್ಲಿದ್ದವರ ಬಾಯಲ್ಲಿ ಅದು ಕೊನೆಯವರೆಗೂ ‘ನಾರ್ಕೋ’ ಆಗಿಯೇ ಉಳಿಯಿತು. ೧೯೪೧ರಿಂದ ಹೆಂಗಸರಿಗೂ ಪ್ರವೇಶ ದೊರೆಯಿತು.

ಮೊದಲ ಮುಖ್ಯಾಧಿಕಾರಿ ಡಾಕ್ಟರ್ ಲಾರೆನ್ಸ್ ಕೋಲ್ಬ್ ದಂಡನೆಯಲ್ಲಿ ವಿಶ್ವಾಸವಿಲ್ಲದ ಸಜ್ಜನ. ಆದರೆ ವ್ಯಸನದ ಬೇರು ವ್ಯಕ್ತಿಯ ಸ್ವಭಾವದೋಷದಲ್ಲಿದೆಯೆಂಬುದು ಅವನ ಸಿದ್ಧಾಂತ. ಸ್ವಸ್ಥ ಮನಸ್ಸಿನವನಿಗೆ ಮಾರ್ಫಿನ್ ಸುಖವನ್ನೇ ಕೊಡುವುದಿಲ್ಲ, ಒಳಗೆ ಬಿರುಕಿರುವವನಿಗೆ ಮಾತ್ರ ಅದು ಹಿತವೆಂದು ಅವನು ಬಗೆದಿದ್ದ. ಈ ಸಿದ್ಧಾಂತದ ಒಂದು ಅನುಕೂಲವೇನೆಂದರೆ, ಚಿಕಿತ್ಸೆ ಸೋತಾಗ ದೋಷ ಚಿಕಿತ್ಸೆಯ ಮೇಲೆ ಬರುವುದಿಲ್ಲ.

ಚಿಕಿತ್ಸೆಯ ಕ್ರಮ ಸರಳವಾಗಿತ್ತು. ಮೊದಲ ಹತ್ತು ಹನ್ನೆರಡು ದಿನಗಳಲ್ಲಿ ಮಾರ್ಫಿನನ್ನು ಕ್ರಮಕ್ರಮವಾಗಿ ಇಳಿಸಿ ನಿಲ್ಲಿಸುವುದು. ಯುದ್ಧಾನಂತರ ಇದಕ್ಕೆ ಮೆಥಡೋನ್ ಎಂಬ ಜರ್ಮನ್ ಮೂಲದ ಔಷಧಿಯನ್ನು ಬಳಸತೊಡಗಿದರು. ಆ ಮೇಲೆ ನಾಲ್ಕೈದು ತಿಂಗಳ ದುಡಿಮೆ, ಊಟ, ಆಟ, ಅಲ್ಪಸ್ವಲ್ಪ ಮನೋವೈದ್ಯರ ಮಾತು. ತಾವಾಗಿ ಬಂದವರಲ್ಲಿ ಬಹುಪಾಲು ಜನ ಅವಧಿ ಮುಗಿಯುವ ಮುನ್ನವೇ ಹೊರಟುಹೋಗುತ್ತಿದ್ದರು. ಇದ್ದವರ ಮೈ ತುಂಬಿಕೊಳ್ಳುತ್ತಿತ್ತು, ನಿದ್ರೆ ಬರುತ್ತಿತ್ತು, ಮುಖದಲ್ಲಿ ಕಳೆ ಕಾಣುತ್ತಿತ್ತು. ಹೀಗೆ ‘ಗುಣವಾದ’ ಮನುಷ್ಯನಿಗೆ ರೈಲಿನ ಟಿಕೀಟು ಕೊಟ್ಟು ಮನೆಗೆ ಕಳಿಸುತ್ತಿದ್ದರು.

ಮನೆಗೆ ಹೋದವರು ಏನಾದರು? ಆಸ್ಪತ್ರೆಯ ಮೈಕೇಲ್ ಪೆಸ್ಕರ್ ೧೯೪೩ರಲ್ಲಿ ಪ್ರಕಟಿಸಿದ ಲೆಕ್ಕ ಮೊದಲನೆಯದು. ೧೯೩೬ರಿಂದ ೧೯೪೦ರವರೆಗೆ ಬಿಡುಗಡೆಯಾದ ೪,೭೬೬ ಗಂಡಸರಲ್ಲಿ ವ್ಯಸನ ಬಿಟ್ಟೇ ಇದ್ದರೆಂದು ಗೊತ್ತಾದವರು ನೂರಕ್ಕೆ ೧೩.೫; ಮರುಕಳಿಸಿದವರು ಸುಮಾರು ೪೦; ಏನಾದರೆಂದೇ ತಿಳಿಯದವರು ಸುಮಾರು ೪೦; ಉಳಿದವರು ತೀರಿಕೊಂಡಿದ್ದರು. ಆ ‘ತಿಳಿಯದ’ ನಲವತ್ತನ್ನು ಓದುಗನು ತನಗೆ ಬೇಕಾದ ಕಡೆಗೆ ಸೇರಿಸಿಕೊಂಡು ಸಮಾಧಾನಪಡಬಹುದಾಗಿತ್ತು. ೧೯೬೨ರ ಹಂಟ್ ಮತ್ತು ಓಡೊರಾಫರ ವರದಿ ಆ ಸಮಾಧಾನವನ್ನೂ ಉಳಿಸಲಿಲ್ಲ. ೧೯೫೨–೫೫ರಲ್ಲಿ ಲೆಕ್ಸಿಂಗ್ಟನ್ನಿನಿಂದ ನ್ಯೂಯಾರ್ಕ್ ನಗರಕ್ಕೆ ಮರಳಿದ ೧,೯೧೨ ಜನರ ಜಾಡನ್ನು ಅವರು ಶ್ರಮವಹಿಸಿ ಹಿಡಿದರು. ನೂರಕ್ಕೆ ತೊಂಬತ್ತಕ್ಕೂ ಮಿಕ್ಕಿ ಜನ ಮತ್ತೆ ವ್ಯಸನಿಗಳಾಗಿದ್ದರು. ಬಹುತೇಕರು ಮೊದಲ ಆರು ತಿಂಗಳೊಳಗೇ.

ಈ ತೊಂಬತ್ತೆಂಬ ಅಂಕೆ ವೃತ್ತಪತ್ರಿಕೆಗಳಲ್ಲಿ ಎರಡು ವಿಧವಾಗಿ ಓದಲ್ಪಟ್ಟಿತು. ಲೆಕ್ಸಿಂಗ್ಟನ್ ದಂಡವೆಂದರು ಕೆಲವರು. ವ್ಯಸನಿಯು ಗುಣವಾಗತಕ್ಕ ಪ್ರಾಣಿಯಲ್ಲವೆಂದರು ಉಳಿದವರು. ಮೂರನೆಯ ಒಂದು ಓದೂ ಸಾಧ್ಯವೆಂಬುದನ್ನು ತೋರಿಸಿದವರು ಆ ಆಸ್ಪತ್ರೆಯೊಳಗೇ ಇದ್ದ ಒಂದಿಬ್ಬರು ವೈದ್ಯರು.

ಅವರಲ್ಲಿ ಮೊದಲನೆಯವನು ಏಬ್ರಹಾಂ ವಿಕ್ಲರ್. ೧೯೪೦ರಲ್ಲಿ ಅಲ್ಲಿಗೆ ಬಂದ ಈತ ಸಾಮೂಹಿಕ ಸಂವಾದಗಳಲ್ಲಿ ಒಂದು ವಿಚಿತ್ರವನ್ನು ಗಮನಿಸಿದ. ಹಲವು ತಿಂಗಳಿಂದ ಮಾರ್ಫಿನ್ ಮುಟ್ಟದ, ಮೈಯಲ್ಲಿ ಅದರ ಲೇಶವೂ ಇಲ್ಲದ ರೋಗಿಗಳು ಹಳೆಯ ದಿನಗಳ ಮಾತು ಬಂದೊಡನೆ ಆಕಳಿಸುತ್ತಿದ್ದರು, ಕಣ್ಣೊರೆಸಿಕೊಳ್ಳುತ್ತಿದ್ದರು, ಮೂಗು ಸೋರುತ್ತಿತ್ತು. ಇವೆಲ್ಲ ಔಷಧಿ ಹಠಾತ್ತಾಗಿ ನಿಂತಾಗ ಮೂಡುವ ಲಕ್ಷಣಗಳು! ಬಿಡುಗಡೆಯಾಗಿ ಊರಿಗೆ ಹೋಗುವಾಗ, ತಾವು ಹಿಂದೆ ಔಷಧಿ ಕೊಳ್ಳುತ್ತಿದ್ದ ಕೇರಿ ಹತ್ತಿರವಾದಂತೆ ಇದೇ ಸಂಕಟ ಬಂತೆಂದು ಹಲವರು ಅವನಿಗೆ ಹೇಳಿದರು. ರಷ್ಯದ ಪಾವ್ಲೋವನ ಪ್ರಯೋಗಗಳನ್ನು ಬಲ್ಲ ವಿಕ್ಲರನಿಗೆ ವಿಷಯ ಹೊಳೆಯಿತು. ಗಂಟೆಯ ಸದ್ದಿಗೆ ನಾಯಿಯ ಬಾಯಲ್ಲಿ ನೀರೂರುವಂತೆ, ಇಲ್ಲಿ ಓಣಿಯ ಮೂಲೆಯೇ ಗಂಟೆ. ಸ್ಥಳ, ಸಂಗಾತಿ, ಸಂಜೆಯ ಹೊತ್ತು, ಕೈಯಲ್ಲಿ ನೋಟು—ಪ್ರತಿಯೊಂದೂ ಹಳೆಯ ಸಂಕಟವನ್ನು ಎಬ್ಬಿಸುವ ಕರೆಯಾಗಿ ಕಟ್ಟಿಕೊಂಡಿದೆ. ೧೯೪೮ರಲ್ಲಿ ಅವನು ಈ ಊಹೆಯನ್ನು ಪ್ರಕಟಿಸಿದ. ಮುಂದೆ ಅರುವತ್ತರ ದಶಕದಲ್ಲಿ, ಹಿಂದೆ ಸಂಕಟವನ್ನನುಭವಿಸಿದ ಪಂಜರಕ್ಕೆ ಇಲಿಗಳನ್ನು ಬಹುಕಾಲದ ಮೇಲೆ ಮರಳಿ ಬಿಟ್ಟಾಗ ಅವು ನೆನೆದ ನಾಯಿಯಂತೆ ಮೈ ಕೊಡವತೊಡಗಿದ್ದನ್ನು ತೋರಿಸಿದ.

ಇದರ ಅರ್ಥವನ್ನು ಸ್ವಲ್ಪ ನಿಂತು ಯೋಚಿಸಬೇಕು. ಲೆಕ್ಸಿಂಗ್ಟನ್ನಿನ ಹೊಲದಲ್ಲಿ ಆರು ತಿಂಗಳು ಶುದ್ಧವಾಗಿದ್ದವನು ಕಲಿತದ್ದು ಲೆಕ್ಸಿಂಗ್ಟನ್ನಿನಲ್ಲಿ ಶುದ್ಧವಾಗಿರುವುದನ್ನು ಮಾತ್ರ. ಹಾರ್ಲೆಮಿನ ಮೂಲೆಯಲ್ಲಿ ಹಾಗಿರುವುದನ್ನು ಅವನು ಕಲಿತಿರಲಿಲ್ಲ. ಅಲ್ಲಿ ಅದನ್ನು ಕಲಿಸುವುದೂ ಸಾಧ್ಯವಿರಲಿಲ್ಲ. ದೂರದ ಹಸುರು ಹೊಲವೇ ಔಷಧಿಯೆಂದು ನಂಬಿ ಕಟ್ಟಿದ ಸಂಸ್ಥೆಗೆ, ಆ ದೂರವೇ ಅದರ ಕೊರತೆಯೆಂದು ಅದರ ವೈದ್ಯನೇ ತೋರಿಸಿಕೊಟ್ಟ ಹಾಗಾಯಿತು. ಇದರ ಜೊತೆಗೆ ಕ್ಲಿಫ್ಟನ್ ಹಿಮ್ಮೆಲ್ಸ್‌ಬಾಕ್ ಎಂಬ ಸಹೋದ್ಯೋಗಿ, ಮಾರ್ಫಿನ್ ನಿಂತ ಮೇಲೆ ದೇಹದ ಸೂಕ್ಷ್ಮ ಏರುಪೇರುಗಳು ಹತ್ತು ದಿನಗಳಲ್ಲಲ್ಲ, ಹಲವು ತಿಂಗಳಲ್ಲಿ ತಹಬಂದಿಗೆ ಬರುತ್ತವೆಂದು ಆಗಲೇ ಅಳೆದು ಹೇಳಿದ್ದ.

ಈ ಜ್ಞಾನದ ಬೆಲೆಯನ್ನು ಮುಚ್ಚಿಡುವುದು ಚರಿತ್ರಕಾರನಿಗೆ ಸಲ್ಲದು. ಮರುಕಳಿಕೆಯನ್ನು ಅರಿಯಲು ಅಲ್ಲಿಯ ಸಂಶೋಧನಾಲಯದಲ್ಲಿ ಮರುಕಳಿಕೆಯನ್ನು ಉಂಟುಮಾಡಿಯೇ ನೋಡುತ್ತಿದ್ದರು. ಶಿಕ್ಷೆ ಅನುಭವಿಸುತ್ತಿದ್ದ, ಹಿಂದಿನ ವ್ಯಸನದ ಇತಿಹಾಸವುಳ್ಳ ಕೈದಿಗಳು ‘ಸ್ವಯಂಸೇವಕ’ರಾಗಿ ಬರುತ್ತಿದ್ದರು, ಅವರಿಗೆ ಮತ್ತೆ ಮಾರ್ಫಿನ್ ಹಿಡಿಸಿ, ನಿಲ್ಲಿಸಿ, ಗುರುತು ಹಾಕಿಕೊಳ್ಳುತ್ತಿದ್ದರು. ೧೯೫೨ರಲ್ಲಿ ವಿಕ್ಲರನೇ ಪ್ರಕಟಿಸಿದ ಒಂದು ಅಧ್ಯಯನದಲ್ಲಿ, ತನಗೆ ಬೇಕಾದಷ್ಟು ಮಾರ್ಫಿನನ್ನು ತಾನೇ ತೆಗೆದುಕೊಳ್ಳಲು ಬಿಟ್ಟ ಒಬ್ಬ ಮನುಷ್ಯನ ಮಾತು, ಕನಸು, ವರ್ತನೆಗಳ ದಾಖಲೆಯಿದೆ. ಹ್ಯಾರಿಸ್ ಇಸ್ಬೆಲ್ ಎಂಬ ನಿರ್ದೇಶಕನ ಕಾಲದಲ್ಲಿ, ಪ್ರಯೋಗಕ್ಕೊಪ್ಪಿದವರಿಗೆ ಪ್ರತಿಫಲವಾಗಿ ಔಷಧಿಯನ್ನೇ ಕೊಡುವ ಪದ್ಧತಿಯಿತ್ತೆಂಬುದೂ, ಕೇಂದ್ರೀಯ ಗುಪ್ತಚರ ಸಂಸ್ಥೆಯ ಹಣದಿಂದ ಎಲ್‌ಎಸ್‌ಡಿ ಪ್ರಯೋಗಗಳು ನಡೆದವೆಂಬುದೂ ೧೯೭೫ರ ಸೆನೆಟ್ ವಿಚಾರಣೆಯಲ್ಲಿ ಬಯಲಾಯಿತು. ವ್ಯಸನ ಬಿಡಿಸಲೆಂದು ಕಟ್ಟಿದ ಮನೆಯಲ್ಲಿ ವ್ಯಸನದ ವಸ್ತುವೇ ಸಂಬಳ! ೧೯೭೬ರಲ್ಲಿ ಕೈದಿಗಳ ಮೇಲಿನ ಈ ಪ್ರಯೋಗಗಳು ನಿಂತವು. ವಿಕ್ಲರನ ಸಿದ್ಧಾಂತವನ್ನು ಇಂದು ಓದುವಾಗ ಆಕಳಿಸುತ್ತ ಕುಳಿತ ಆ ಹೆಸರಿಲ್ಲದ ಜನರನ್ನೂ ನೆನೆಯಬೇಕಾಗುತ್ತದೆ.

ಸಿದ್ಧಾಂತವನ್ನು ಓದದೆಯೇ ಅದರಂತೆ ನಡೆದುಕೊಂಡವರೂ ಇದ್ದರು. ಲೆಕ್ಸಿಂಗ್ಟನ್ ಜಾಜ್ ಸಂಗೀತಗಾರರ ಒಂದು ತೀರ್ಥಸ್ಥಳದಂತಿತ್ತು. ಆ ಕಾಲದ ಹೆಸರಾಂತ ವಾದಕರಲ್ಲಿ ಹಲವರು ಅಲ್ಲಿಗೆ ಒಂದು ಸಲವಾದರೂ ಹೋಗಿಬಂದವರು. ೧೯೫೫ರಲ್ಲಿ ಸ್ಯಾಕ್ಸಫೋನ್ ವಾದಕ ಸೋನಿ ರೋಲಿನ್ಸ್ ಅಲ್ಲಿಂದ ಹೊರಬಿದ್ದಾಗ ಅವನಿಗೆ ಸುಮಾರು ಇಪ್ಪತ್ತೈದು ವರ್ಷ. ಅವನು ನ್ಯೂಯಾರ್ಕಿನ ಹಳೆಯ ಗೆಳೆಯರ ಬಳಿಗೆ ಓಡಲಿಲ್ಲ. ಷಿಕಾಗೋದಲ್ಲಿ ಉಳಿದು, ಕಸಗುಡಿಸುವ ಮತ್ತಿತರ ಮೈಕೆಲಸ ಮಾಡುತ್ತ, ಸಂಗೀತದ ಕ್ಲಬ್ಬುಗಳಿಂದ ಬೇಕೆಂದೇ ದೂರವಿದ್ದ. ತನ್ನ ಕಸುಬು ನಡೆಯುವ ಸ್ಥಳವೂ ತನ್ನ ರೋಗ ಕಾದಿರುವ ಸ್ಥಳವೂ ಒಂದೇ ಎಂಬುದು ಅವನಿಗೆ ಗೊತ್ತಿತ್ತು. ಕ್ಲಬ್ಬಿಗೆ ಹೋದಾಗ ಹಳೆಯ ಪರಿಚಿತರು ಕರೆದರು. ಅವನು ಒಲ್ಲೆನೆಂದು ಹೊರಬಂದ. ಅದೇ ವರ್ಷದ ಕೊನೆಗೆ ಕ್ಲಿಫರ್ಡ್ ಬ್ರೌನ್–ಮ್ಯಾಕ್ಸ್ ರೋಚರ ಮೇಳವನ್ನು ಸೇರಿದ. ಬ್ರೌನ್ ಅಮಲನ್ನು ಮುಟ್ಟದ ಕಲಾವಿದನೆಂಬುದನ್ನು ಇಲ್ಲಿ ಮರೆಯಲಾಗದು.

ಎರಡನೆಯ ಓದುಗ ಜಾರ್ಜ್ ವೇಲಂಟ್. ೧೯೬೩ರಲ್ಲಿ ತರುಣ ವೈದ್ಯನಾಗಿ ಲೆಕ್ಸಿಂಗ್ಟನ್ನಿಗೆ ಬಂದ ಈತ ಹಳೆಯ ದಾಖಲೆಗಳನ್ನು ತೆಗೆದು, ೧೯೫೨ರ ಆಗಸ್ಟಿನಿಂದ ಆರಂಭಿಸಿ ಮುಂದಿನ ಕೆಲವು ತಿಂಗಳಲ್ಲಿ ಮೊದಲ ಬಾರಿ ಸೇರಿದ್ದ ನ್ಯೂಯಾರ್ಕಿನ ನೂರು ಗಂಡಸರನ್ನು ಆರಿಸಿಕೊಂಡ. ಅವರು ಎಲ್ಲಿದ್ದಾರೆ, ಹೇಗಿದ್ದಾರೆಂದು ಹುಡುಕಿದ. ಹನ್ನೆರಡು ವರ್ಷಗಳ ಫಲಿತಾಂಶವನ್ನು ೧೯೬೬ರಲ್ಲಿ, ಇಪ್ಪತ್ತು ವರ್ಷಗಳದನ್ನು ೧೯೭೩ರಲ್ಲಿ ಪ್ರಕಟಿಸಿದ. ಹಂಟ್–ಓಡೊರಾಫರಂತೆ ಅವನೂ ಕಂಡದ್ದು ಮೊದಲ ಬಿಡುಗಡೆಯ ನಂತರ ಹೆಚ್ಚುಕಡಿಮೆ ಎಲ್ಲರೂ ಮರುಕಳಿಸಿದರೆಂದೇ. ಆದರೆ ಇಪ್ಪತ್ತು ವರ್ಷಗಳ ತುದಿಯಲ್ಲಿ ನಿಂತು ನೋಡಿದಾಗ ಅದೇ ನೂರರಲ್ಲಿ ೩೫ ಜನ ಸ್ಥಿರವಾಗಿ ವ್ಯಸನಮುಕ್ತರಾಗಿದ್ದರು. ೨೩ ಜನ ಸತ್ತಿದ್ದರು. ಸುಮಾರು ೨೫ ಜನ ಇನ್ನೂ ವ್ಯಸನದಲ್ಲಿದ್ದುದು ಗೊತ್ತಾಯಿತು.

ಮರುಕಳಿಕೆಯ ಚರಿತ್ರೆಯಲ್ಲಿ ಇದಕ್ಕಿಂತ ಮಹತ್ತ್ವದ ಕೋಷ್ಟಕ ಬೇರೊಂದಿಲ್ಲವೆಂದು ನನ್ನ ಭಾವನೆ. ಆರು ತಿಂಗಳ ಅಳತೆಗೋಲಿನಿಂದ ಅಳೆದಾಗ ‘ಸೋತವರು’ ಎನಿಸಿಕೊಂಡ ಜನರೇ ಇಪ್ಪತ್ತು ವರ್ಷಗಳ ಅಳತೆಗೋಲಿನಲ್ಲಿ ‘ಗೆದ್ದವರು’ ಆಗಿದ್ದಾರೆ. ಮನುಷ್ಯರು ಬದಲಾಗಿಲ್ಲ, ಕೋಲು ಬದಲಾಗಿದೆ. ಆದರೆ ಆ ಇಪ್ಪತ್ತಮೂರು ಸಾವುಗಳು ಕೂಡ ಅದೇ ಕೋಷ್ಟಕದಲ್ಲಿಯೇ ಇವೆ. ಕಾದರೆ ಎಲ್ಲವೂ ಸರಿಹೋಗುವುದೆಂದು ಕೈಕಟ್ಟಿ ಕೂರಲು ಅವು ಅವಕಾಶ ಕೊಡುವುದಿಲ್ಲ.

ಗೆದ್ದವರು ಹೇಗೆ ಗೆದ್ದರು? ಆಸ್ಪತ್ರೆಯ ವಾಸಗಳಿಂದಲ್ಲ; ಅವುಗಳಲ್ಲಿ ಒಂದು ವರ್ಷದ ವರ್ಜನೆಗೆ ದಾರಿಮಾಡಿಕೊಟ್ಟವು ಅತ್ಯಲ್ಪ. ಅಲ್ಪಾವಧಿಯ ಸೆರೆವಾಸದ ಹಣೆಬರಹವೂ ಅಷ್ಟೇ. ಆದರೆ ಸೆರೆಯ ನಂತರ ಒಂದು ವರ್ಷವಾದರೂ ಮೇಲ್ವಿಚಾರಣೆಯಡಿ ಹೊರಗಿದ್ದವರಲ್ಲಿ ಹತ್ತರಲ್ಲಿ ಆರೇಳು ಸಂದರ್ಭಗಳಲ್ಲಿ ಫಲ ಕಂಡಿತ್ತು. ಅಂಥವನು ಉದ್ಯೋಗದಲ್ಲಿರಬೇಕು, ನಿಯತವಾಗಿ ಅಧಿಕಾರಿಗೆ ಮುಖ ತೋರಿಸಬೇಕು. ದಂಡನೆಯ ಪಕ್ಷದವರು ಇದನ್ನು ತಮ್ಮ ಜಯವೆಂದು ಎತ್ತಿಕೊಂಡದ್ದುಂಟು. ಆ ವಾದ ನಿಲ್ಲುವುದಿಲ್ಲ. ಬರಿಯ ಸೆರೆ ಏನನ್ನೂ ಸಾಧಿಸಲಿಲ್ಲವೆಂದು ಅದೇ ಲೆಕ್ಕ ಹೇಳುತ್ತದೆ. ಕೆಲಸ ಮಾಡಿದ್ದು ಬೀಗವಲ್ಲ, ಅವನು ತನ್ನ ಊರಿನಲ್ಲಿಯೇ ಇದ್ದಾಗ ವಾರವಾರವೂ ಅವನನ್ನು ವಿಚಾರಿಸುವವನೊಬ್ಬನಿದ್ದನೆಂಬ ಸಂಗತಿ. ಮುಂದೆ ವೇಲಂಟ್ ಈ ಪಟ್ಟಿಗೆ ಇನ್ನೂ ಮೂರನ್ನು ಸೇರಿಸಿದ: ಹಳೆಯ ಅಭ್ಯಾಸದ ಜಾಗಕ್ಕೆ ಬಂದ ಬೇರೊಂದು ಅವಲಂಬನ, ಹಿಂದಿನ ನೋವುಗಳ ಋಣವಿಲ್ಲದ ಹೊಸ ಬಾಂಧವ್ಯ, ಉತ್ಸಾಹ ಕೊಡುವ ಒಂದು ಗುಂಪಿನ ಸದಸ್ಯತ್ವ.

ಲೆಕ್ಸಿಂಗ್ಟನ್ನಿನ ಗೋಡೆಗಳಾಚೆ ಈ ತಿಳಿವಳಿಕೆ ಹಲವು ಕವಲುಗಳಾಗಿ ಹರಿಯಿತು. ೧೯೪೫–೪೬ರಲ್ಲಿ ಅಲ್ಲಿ ಕೆಲಸಮಾಡಿ ಅಲ್ಲಿಯ ಕ್ರಮಕ್ಕೆ ಬೇಸತ್ತು ಬಂದಿದ್ದ ಮೇರಿ ನೈಸ್ವಾಂಡರ್, ವಿನ್ಸೆಂಟ್ ಡೋಲ್ ಎಂಬ ವೈದ್ಯನೊಡನೆ ಸೇರಿ, ೧೯೬೫ರಲ್ಲಿ ೨೨ ರೋಗಿಗಳ ವೃತ್ತಾಂತವನ್ನು ಪ್ರಕಟಿಸಿದಳು. ಲೆಕ್ಸಿಂಗ್ಟನ್ನಿನಲ್ಲಿ ಹತ್ತು ದಿನ ಕೊಟ್ಟು ನಿಲ್ಲಿಸುತ್ತಿದ್ದ ಮೆಥಡೋನನ್ನೇ ಇವರು ಪ್ರತಿದಿನವೂ, ಅವಧಿಯಿಲ್ಲದೆ, ಮಧುಮೇಹಿಗೆ ಇನ್ಸುಲಿನ್ ಕೊಡುವಂತೆ ಕೊಟ್ಟರು. ರೋಗಿ ಊರು ಬಿಡಬೇಕಾಗಿರಲಿಲ್ಲ. ಕರೆಯುವ ಮೂಲೆಯನ್ನು ದಾಟಿ ಕೆಲಸಕ್ಕೆ ಹೋಗಿಬರುವಷ್ಟು ನೆಮ್ಮದಿ ಅವನಿಗೆ ದೊರೆಯಿತು.

ಸ್ಥಳದ ಮಹಿಮೆಗೆ ಅತಿ ದೊಡ್ಡ ಸಾಕ್ಷ್ಯ ಯಾರೂ ಯೋಜಿಸದ ಕಡೆಯಿಂದ ಬಂತು. ವಿಯೆಟ್ನಾಮಿನಲ್ಲಿದ್ದ ಅಮೆರಿಕದ ಸಾಮಾನ್ಯ ಸೈನಿಕರಲ್ಲಿ ಸುಮಾರು ಐವರಲ್ಲೊಬ್ಬ ಅಲ್ಲಿ ಹೆರಾಯಿನ್ ಅಥವಾ ಅಫೀಮಿನ ವ್ಯಸನಿಯಾಗಿದ್ದ. ಇವರೆಲ್ಲ ಮನೆಗೆ ಬಂದರೆ ಗತಿಯೇನೆಂದು ೧೯೭೧ರಲ್ಲಿ ಸರಕಾರ ನಡುಗಿತು. ಹಿಂದೆ ಲೆಕ್ಸಿಂಗ್ಟನ್ನಿನಲ್ಲಿದ್ದ ಜೆರೋಮ್ ಜಾಫೆ ಆಗ ಅಧ್ಯಕ್ಷ ನಿಕ್ಸನ್ನರ ಸಲಹೆಗಾರ. ಅವನ ಪ್ರೇರಣೆಯಿಂದ ಲೀ ರಾಬಿನ್ಸ್ ಎಂಬ ವಿದುಷಿ ಆ ವರ್ಷದ ಸೆಪ್ಟೆಂಬರಿನಲ್ಲಿ ಮರಳಿದ ಸೈನಿಕರನ್ನು ಹಿಂಬಾಲಿಸಿ ಎಣಿಸಿದಳು. ಅಲ್ಲಿ ವ್ಯಸನಿಗಳಾಗಿದ್ದವರಲ್ಲಿ ಮೊದಲ ವರ್ಷ ಮತ್ತೆ ವ್ಯಸನಕ್ಕೆ ಬಿದ್ದವರು ನೂರಕ್ಕೆ ೫. ಮೂರು ವರ್ಷಗಳಲ್ಲಿ, ಸ್ವಲ್ಪ ಕಾಲಕ್ಕಾದರೂ ಬಿದ್ದವರು ೧೨. ಲೆಕ್ಸಿಂಗ್ಟನ್ನಿನ ತೊಂಬತ್ತರೆದುರು ಇದನ್ನಿಟ್ಟು ನೋಡಬೇಕು. ನ್ಯೂಯಾರ್ಕಿನವನು ಚಿಕಿತ್ಸೆಯ ನಂತರ ತನ್ನ ವ್ಯಸನದ ಊರಿಗೆ ಮರಳಿದ. ಸೈನಿಕನು ತನ್ನ ವ್ಯಸನದ ಊರನ್ನು ಸಮುದ್ರದಾಚೆ ಬಿಟ್ಟುಬಂದ. ವ್ಯತ್ಯಾಸವೆಲ್ಲ ಇದೊಂದರಿಂದಲೇ ಎನ್ನುವುದು ಅತಿಯಾದೀತು. ಇಬ್ಬರ ವಯಸ್ಸು, ಹಿನ್ನೆಲೆ, ವ್ಯಸನದ ಅವಧಿ, ಔಷಧಿಯ ಸುಲಭತೆ ಎಲ್ಲವೂ ಬೇರೆ.

ಮರುಕಳಿಕೆಯೆಂಬ ಒಂದು ಮಾತನ್ನೇ ಎರಡಾಗಿ ಸೀಳಿದವನು ಸಿಯಾಟಲಿನ ಮನಶ್ಶಾಸ್ತ್ರಜ್ಞ ಅಲನ್ ಮಾರ್ಲಟ್. ಜುಡಿತ್ ಗಾರ್ಡನಳೊಡನೆ ಸಂಪಾದಿಸಿದ ೧೯೮೫ರ ಗ್ರಂಥದಲ್ಲಿ ಅವನು ಕಾಲುಜಾರುವುದು ಬೇರೆ, ಕಮರಿಗೆ ಬೀಳುವುದು ಬೇರೆ ಎಂದ. ಕುಡಿತ, ಧೂಮಪಾನ, ಹೆರಾಯಿನ್ ಮೊದಲಾದ ಚಟಗಳಿಗೆ ಮರಳಿದವರ ೩೧೧ ಪ್ರಸಂಗಗಳನ್ನು ವಿಂಗಡಿಸಿದಾಗ ನಾಲ್ಕರಲ್ಲಿ ಸುಮಾರು ಮೂರು ಪಾಲಿಗೆ ಮೂರೇ ಕಾರಣಗಳು ಕಂಡಿದ್ದವು: ಮನಸ್ಸಿನ ಖಿನ್ನತೆ–ಕೋಪಗಳು, ಮನೆಯವರೊಡನೆಯೋ ಇತರರೊಡನೆಯೋ ಜಗಳ, ಗೆಳೆಯರ ಒತ್ತಾಯ. ಅದಕ್ಕಿಂತ ಮಾರ್ಮಿಕವಾದದ್ದು ಮೊದಲ ಜಾರಿಕೆಯ ನಂತರದ ಗಳಿಗೆಯ ವಿಶ್ಲೇಷಣೆ. ‘ವ್ರತ ಕೆಟ್ಟಿತು, ಇನ್ನೇನು ಉಳಿಯಿತು’ ಎಂದು ಮನುಷ್ಯ ತನ್ನನ್ನು ತಾನೇ ಶಪಿಸಿಕೊಂಡಾಗ, ಆ ನಾಚಿಕೆಯನ್ನು ಮರೆಯಲೆಂದೇ ಎರಡನೆಯ ಸಲ ಮುಟ್ಟುತ್ತಾನೆ. ಏಕಾದಶಿಯಂದು ಅಪ್ಪಿತಪ್ಪಿ ಒಂದು ತುತ್ತುಂಡವನು ‘ಹೇಗೂ ಕೆಟ್ಟಿತಲ್ಲ’ ಎಂದು ಹೊಟ್ಟೆತುಂಬ ಉಣ್ಣುವುದನ್ನು ಕಂಡವರಿಗೆ ಈ ಮನೋಧರ್ಮ ಅಪರಿಚಿತವಲ್ಲ. ಪಾಪವೆಂಬ ಭಾವನೆ ಬೀಳದಂತೆ ತಡೆಯುವುದಕ್ಕಿಂತ, ಬಿದ್ದವನನ್ನು ಏಳದಂತೆ ತಡೆಯುವುದೇ ಹೆಚ್ಚೆಂದಾಯಿತು. ಆದ್ದರಿಂದ ಅಪಾಯದ ಸನ್ನಿವೇಶಗಳನ್ನು ಮುಂಚೆಯೇ ಗುರುತಿಸಿಟ್ಟುಕೊಳ್ಳುವುದು, ಜಾರಿದ ಒಡನೆ ಯಾರಿಗೆ ಹೇಳಬೇಕೆಂಬುದನ್ನು ಜಾರುವ ಮೊದಲೇ ನಿಶ್ಚಯಿಸುವುದು, ಬಯಕೆಯನ್ನು ಏರಿ ಇಳಿಯುವ ಅಲೆಯೆಂದು ಬಗೆದು ಅದು ಇಳಿಯುವವರೆಗೆ ಕಾಯುವುದು—ಇವು ಚಿಕಿತ್ಸೆಯ ಅಂಗಗಳಾದವು. ಈ ಕೊನೆಯ ಉಪಾಯಕ್ಕೆ ಮಾರ್ಲಟ್ ಬೌದ್ಧ ಧ್ಯಾನಕ್ಕೆ ಋಣಿ. ನಮ್ಮ ಇಗತ್ಪುರಿಯಲ್ಲಿ ಎಸ್. ಎನ್. ಗೋಯೆಂಕಾ ಅವರು ಕಲಿಸುತ್ತಿದ್ದ ವಿಪಶ್ಯನೆಯ ಶಿಬಿರವನ್ನು ಸಿಯಾಟಲಿನ ಒಂದು ಬಂದೀಗೃಹದಲ್ಲಿ ನಡೆಸಿದಾಗ, ಅದರ ಪರಿಣಾಮವನ್ನು ಅಭ್ಯಾಸಮಾಡಿ ೨೦೦೬ರಲ್ಲಿ ಪ್ರಕಟಿಸಿದ ತಂಡದಲ್ಲಿ ಅವನಿದ್ದ.

ಒಂದು ಎಚ್ಚರವನ್ನು ಇಲ್ಲಿಯೇ ಹೇಳಿಬಿಡಬೇಕು. ಬಹುಕಾಲ ಬಿಟ್ಟಿದ್ದ ದೇಹಕ್ಕೆ ಹಿಂದಿನ ಸಹಿಷ್ಣುತೆ ಇರುವುದಿಲ್ಲ. ಹಳೆಯ ಪ್ರಮಾಣವನ್ನೇ ತೆಗೆದುಕೊಂಡವನ ಉಸಿರು ನಿಲ್ಲುತ್ತದೆ. ಸೆರೆಮನೆಯಿಂದಲೋ ಆಸ್ಪತ್ರೆಯಿಂದಲೋ ಹೊರಬಂದ ಮೊದಲ ವಾರಗಳು ಎಲ್ಲಕ್ಕಿಂತ ಅಪಾಯಕರವಾಗಿರುವುದು ಇದರಿಂದಲೇ. ಸ್ಥಳ ಇಲ್ಲಿಯೂ ಬಿಡದು: ಷೆಪರ್ಡ್ ಸೀಗೆಲ್ ೧೯೮೨ರಲ್ಲಿ ಇಲಿಗಳಿಗೆ ಒಂದೇ ಹೆಚ್ಚಿನ ಪ್ರಮಾಣದ ಹೆರಾಯಿನ್ ಕೊಟ್ಟಾಗ, ಅದಕ್ಕೆ ಒಗ್ಗಿಕೊಂಡಿದ್ದ ಕೋಣೆಯಲ್ಲಿ ನೂರಕ್ಕೆ ೩೨ ಸತ್ತರೆ, ಹೊಸ ಕೋಣೆಯಲ್ಲಿ ೬೪ ಸತ್ತವು. ಮರಳಿ ಬಿದ್ದವನನ್ನು ಬಯ್ದು ಹೊರಗಟ್ಟುವ ಮನೆಯವರು ಅವನನ್ನು ಯಾವ ಕೋಣೆಗೆ ಕಳಿಸುತ್ತಿದ್ದಾರೆಂಬುದನ್ನು ಯೋಚಿಸಬೇಕು.

ಇನ್ನು ನಮ್ಮ ಪ್ರಾಂತದ ಮಾತು. ಮಾಳವದ ಅಫೀಮು ಮುಂಬಯಿ ಬಂದರಿನಿಂದ ಚೀನಕ್ಕೆ ಹೋಗಿ ಇಲ್ಲಿಯ ಎಷ್ಟೋ ಐಶ್ವರ್ಯಕ್ಕೆ ತಳಹದಿಯಾದ ಕಥೆ ಹಳೆಯದು. ಅದು ಬೇರೆಯೇ ಲೇಖನದ ವಸ್ತು. ೧೯೮೦ರ ದಶಕದಲ್ಲಿ ‘ಗರ್ದ್’ ಎಂಬ ಹೆಸರಿನ ಕಂದು ಹೆರಾಯಿನ್ ಈ ನಗರದ ಚಾಳುಗಳನ್ನು ಹೊಕ್ಕಿತು. ೧೯೮೧ರಲ್ಲಿ ಪಾದ್ರಿ ಜೋ ಪೆರೇರಾ ಬಾಂದ್ರಾದಲ್ಲಿ ಕೃಪಾ ಪ್ರತಿಷ್ಠಾನವನ್ನು ಸ್ಥಾಪಿಸಿದರು. ಸ್ವತಃ ಕುಡಿತದಿಂದ ಬಿಡುಗಡೆ ಹೊಂದಿದ ಅವರು ವ್ಯಸನಿಗಳ ಪುನಶ್ಚೇತನಕ್ಕೆ ಅಳವಡಿಸಿಕೊಂಡದ್ದು ತಮ್ಮ ಗುರು ಬಿ. ಕೆ. ಎಸ್. ಅಯ್ಯಂಗಾರರ ಯೋಗಕ್ರಮವನ್ನು. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ೧೯೧೮ರಲ್ಲಿ ಹುಟ್ಟಿ, ೧೯೩೭ರಲ್ಲಿ ಪುಣೆಗೆ ಬಂದು, ೨೦೧೪ರಲ್ಲಿ ಅಲ್ಲಿಯೇ ತೀರಿಕೊಂಡ ಈ ಕನ್ನಡಿಗರ ವಿದ್ಯೆ ಹೀಗೊಂದು ಉಪಯೋಗಕ್ಕೆ ಬಂದಿದೆಯೆಂಬುದು ಹೊರನಾಡಿನ ನಮ್ಮಲ್ಲಿಯೂ ಅನೇಕರಿಗೆ ತಿಳಿದಂತಿಲ್ಲ. ಪುಣೆಯ ಮುಕ್ತಾಂಗಣ ೧೯೮೬ರಲ್ಲಿ ಆರಂಭವಾಯಿತು. ಗರ್ದಿಗೆ ಬಲಿಯಾದವರನ್ನು ಕುರಿತು ಅನಿಲ ಅವಚಟರು ಬರೆದ ಲೇಖನಗಳನ್ನೋದಿ ಪು. ಲ. ದೇಶಪಾಂಡೆ ದಂಪತಿಗಳು ಹಣ ಕೊಟ್ಟರು, ಮನೋವೈದ್ಯೆ ಡಾ. ಸುನಂದಾ ಅವಚಟರು ಅದನ್ನು ನಡೆಸಿದರು.

ಬೆಂಗಳೂರಿನ ನಿಮ್ಹಾನ್ಸ್ ಮೊದಲ್ಗೊಂಡು ದೇಶದ ಹಲವು ಆಸ್ಪತ್ರೆಗಳಲ್ಲಿ ಮರುಕಳಿಕೆಯನ್ನು ತಡೆಯಲು ಇಂದು ಬಳಕೆಯಲ್ಲಿರುವ ಬ್ಯೂಪ್ರೆನಾರ್ಫಿನ್ ಎಂಬ ಔಷಧಿಗೂ ಲೆಕ್ಸಿಂಗ್ಟನ್ನಿಗೂ ನಂಟಿದೆ. ವ್ಯಸನಚಿಕಿತ್ಸೆಗೆ ಅದು ತಕ್ಕದ್ದೆಂದು ೧೯೭೮ರಲ್ಲಿ ಮೊದಲು ಸೂಚಿಸಿದ ಡೊನಾಲ್ಡ್ ಜಸಿನ್ಸ್ಕಿ ಮತ್ತು ಸಂಗಡಿಗರು ದುಡಿದದ್ದು ಆ ಸಂಶೋಧನಾಲಯದಲ್ಲಿಯೇ. ಕೈದಿಗಳ ದೇಹದಿಂದ ಕಲಿತ ಪಾಠವೊಂದು ಹೀಗೆ ನಮ್ಮ ಹುಡುಗರ ನಾಲಗೆಯ ಕೆಳಗೆ ಕರಗುತ್ತಿದೆ.

ಆದರೆ ಔಷಧಿ ಬಂದಷ್ಟು ಸುಲಭವಾಗಿ ವಿಚಾರ ಬಂದಿಲ್ಲ. ದಿಲ್ಲಿಯ ಅಖಿಲ ಭಾರತ ವೈದ್ಯಕೀಯ ಸಂಸ್ಥೆಯವರು ನಡೆಸಿ ೨೦೧೯ರಲ್ಲಿ ಪ್ರಕಟಿಸಿದ ಸಮೀಕ್ಷೆಯಂತೆ ಅಫೀಮಿನ ವರ್ಗದ ವಸ್ತುಗಳಿಂದಾಗಿ ನೆರವು ಬೇಕಾದವರು ದೇಶದಲ್ಲಿ ಸುಮಾರು ೭೭ ಲಕ್ಷ. ೧೯೮೫ರ ಮಾದಕದ್ರವ್ಯ ಕಾಯಿದೆಯ ೬೪–ಎ ಕಲಮು ತಾನಾಗಿ ಚಿಕಿತ್ಸೆಗೆ ಬಂದ ವ್ಯಸನಿಗೆ ಮೊಕದ್ದಮೆಯಿಂದ ರಕ್ಷಣೆ ಕೊಡುತ್ತದೆ. ಚಿಕಿತ್ಸೆಯನ್ನು ಅವನು ಪೂರ್ಣಗೊಳಿಸದಿದ್ದರೆ ಆ ರಕ್ಷಣೆಯನ್ನು ಹಿಂತೆಗೆದುಕೊಳ್ಳಬಹುದೆಂದೂ ಅದೇ ಕಲಮು ಹೇಳುತ್ತದೆ. ಪೂರ್ಣಗೊಳ್ಳುವುದೆಂದರೇನು? ಹತ್ತನೆಯ ದಿನಕ್ಕೋ, ಆರನೆಯ ತಿಂಗಳಿಗೋ, ವೇಲಂಟನ ಇಪ್ಪತ್ತನೆಯ ವರ್ಷಕ್ಕೋ? ಅರ್ಧದಲ್ಲಿ ಬಿಟ್ಟುಹೋಗಿ, ಮತ್ತೆ ಬಿದ್ದು, ನಾಲ್ಕನೆಯ ಸಲ ಬಾಗಿಲು ತಟ್ಟುವವನನ್ನು ಈ ವಾಕ್ಯ ಯಾವ ಕಡೆಗೆ ನಿಲ್ಲಿಸುತ್ತದೆ? ಲೆಕ್ಸಿಂಗ್ಟನ್ನಿನ ಬಾಗಿಲು ೧೯೭೪ರಲ್ಲಿ ವ್ಯಸನಿಗಳ ಪಾಲಿಗೆ ಮುಚ್ಚಿತು. ಆ ಕಟ್ಟಡ ಮತ್ತೆ ಸೆರೆಮನೆಯಾಯಿತು.